ಉಸುಕಿನೊಳಗೆ ಹೋದ ಏಡಿ: ಅಗೆಯದೆ ಕಾದ ನನ್ನ ಅನುಭವ

ವಿಜಯಪುರದಲ್ಲಿ ಹರ್ಮಿಟ್ ಕ್ರ್ಯಾಬ್, ಅಂದರೆ ಖಾಲಿ ಶಂಖದೊಳಗೆ ಮೈ ಅಡಗಿಸಿಕೊಂಡು ಬದುಕುವ ಏಡಿ, ಸಾಕುವವರಿಗೆ ಮೊದಲ ತೊಂದರೆ ಇಲ್ಲಿನ ಗಾಳಿ. ಬೇಸಿಗೆಯಲ್ಲಿ ತಂತಿಯ ಮೇಲೆ ಹಾಕಿದ ಬಟ್ಟೆ ನೋಡನೋಡುತ್ತಲೇ ಒಣಗುವ ಊರು ಇದು. ಈ ಏಡಿ ನೆಲದ ಮೇಲೆ ಓಡಾಡಿದರೂ ಉಸಿರಾಡುವುದು ಕಿವಿರಿನಿಂದಲೇ. ಕಿವಿರು ಯಾವಾಗಲೂ ಒದ್ದೆ ಇರಬೇಕು. ಗಾಳಿಯ ತೇವಾಂಶ ಶೇಕಡಾ 75ರಿಂದ 85ರಷ್ಟಿದ್ದರೆ ಅದಕ್ಕೆ ಹಿತ. ಬಹಳ ಕಡಿಮೆಯಾದರೆ ಉಸಿರುಗಟ್ಟಿ ನಿಧಾನವಾಗಿ ಸಾಯುತ್ತದೆ.

ನಮ್ಮದನ್ನು ತಂದುಕೊಟ್ಟದ್ದು ಬೆಳಗಾವಿಯಲ್ಲಿರುವ ಮಗಳ ಮಾಮಾ. ಜೊತೆಗೆ ಬಂದದ್ದು ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಬಣ್ಣದ ಕಲ್ಲು, ಒಂದು ತುಂಡು ಸ್ಪಂಜು. ಇಷ್ಟಿದ್ದರೆ ಸಾಕು ಅಂತ ಅಂಗಡಿಯವರು ಹೇಳಿದ್ದರಂತೆ. ಸಾಕಾಗುವುದಿಲ್ಲ. ಕಲ್ಲಿನಲ್ಲಿ ಏಡಿ ತೋಡಲಾರದು. ತೋಡಲಾಗದಿದ್ದರೆ ಪೊರೆ ಬಿಡುವುದೂ, ಅಂದರೆ ಬೆಳೆಯುವಾಗ ಹಳೆಯ ಕವಚ ಕಳಚುವುದೂ, ಕಷ್ಟ.

ಮನೆಯಲ್ಲಿ ಖಾಲಿ ಬಿದ್ದಿದ್ದ ಮೀನಿನ ಗಾಜಿನ ತೊಟ್ಟಿಯನ್ನೇ ಅದಕ್ಕೆ ಮನೆ ಮಾಡಿದೆ. ಮನೆ ಕಟ್ಟುವವರ ಹತ್ತಿರ ಹೊಳೆ ಉಸುಕು ತಂದು, ಸಾಣಿಗೆ ಹಿಡಿದು, ತೊಳೆದ ನೀರು ತಿಳಿಯಾಗುವವರೆಗೂ ತೊಳೆದು ಬಿಸಿಲಿಗೆ ಹರವಿದೆ. ಐದು ಪಾಲು ಉಸುಕಿಗೆ ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿದೆ. ನರ್ಸರಿಯಲ್ಲಿ ಕೋಕೋಪೀಟ್ ಕೊಳ್ಳುವಾಗ ಗೊಬ್ಬರ ಬೆರೆಸಿಲ್ಲ ತಾನೇ ಅಂತ ಕೇಳಿ. ನೀರು ಎಷ್ಟು ಹಾಕಬೇಕು ಅನ್ನುವುದಕ್ಕೆ ಅಳತೆ ಬೇಡ, ರವೆ ಉಂಡಿ ಕಟ್ಟುವ ಹದ ಬಂದರೆ ಸರಿ. ಮುಷ್ಟಿ ಬಿಚ್ಚಿದಾಗ ಉಂಡಿ ಒಡೆಯಬಾರದು, ಹಿಂಡಿದಾಗ ನೀರು ತೊಟ್ಟಿಕ್ಕಬಾರದು. ಆಳ ಕಡಿಮೆ ಅಂದರೂ 6 ಇಂಚು ಬೇಕು. ಏಡಿ ದೊಡ್ಡದಿದ್ದರೆ ಅದರ ಎತ್ತರದ ಮೂರು ಪಟ್ಟು.

ಎರಡು ಬಟ್ಟಲು ನೀರು ಇಡಬೇಕು. ಒಂದು ಸಿಹಿನೀರು, ಇನ್ನೊಂದು ಉಪ್ಪುನೀರು. ಉಪ್ಪುನೀರಿಗೆ ಅಡುಗೆ ಉಪ್ಪು ಬೇಡ. ಸಮುದ್ರದ ಮೀನು ಸಾಕುವವರು ಬಳಸುವ ಉಪ್ಪು ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತದೆ, ಅದೇ ಬೇಕು. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕಿಯೇ ಬಳಸಿ. ತೊಟ್ಟಿಯ ಮೇಲೆ ಗಾಜಿನ ಅಂಗಡಿಯಲ್ಲಿ ಕೊಯ್ಸಿದ ಮುಚ್ಚಳ, ಮೂಲೆಯಲ್ಲಿ ಬೆರಳಷ್ಟು ಸಂದಿ. ಒಳಗೆ ತೇವಾಂಶ ತೋರಿಸುವ ಚಿಕ್ಕ ಮೀಟರ್. ಬಿಗಿ ಮುಚ್ಚಳ, ಒದ್ದೆ ಉಸುಕು ಇದ್ದರೆ ತೇವ ತಾನಾಗಿ ನಿಲ್ಲುತ್ತದೆ. ಕರೆಂಟ್ ಹೋದರೂ ಚಿಂತೆಯಿಲ್ಲ.

ಕಷ್ಟ ಇರುವುದು ಶಾಖದ್ದು. 24ರಿಂದ 29 ಡಿಗ್ರಿ ಅದಕ್ಕೆ ಚೆಂದ, ನಮ್ಮಲ್ಲಿ ಮೇ ತಿಂಗಳಲ್ಲಿ ಹೊರಗೆ 40 ದಾಟುತ್ತದೆ. ನಮ್ಮದು ಹಳೆಯ ಮಾಳಿಗೆ ಮನೆ, ಗೋಡೆ ದಪ್ಪ. ಒಳಗಿನ ಕೋಣೆಯಲ್ಲಿ ನೆಲಕ್ಕೆ ಹತ್ತಿರ ಇಟ್ಟೆವು. ಆರ್‌ಸಿಸಿ ಮನೆಯ ಮೇಲಿನ ಮಹಡಿಯಲ್ಲಿರುವವರು ಬೇಸಿಗೆಗೆ ಮುಂಚೆಯೇ ಜಾಗ ಯೋಚಿಸಿಕೊಳ್ಳಿ. ಚಳಿಗಾಲದ ರಾತ್ರಿಗೆ ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ತೆಳು ಹಾಳೆ) ಹಾಕುವುದಾದರೆ ಹಿಂದಿನ ಗಾಜಿಗೆ, ಉಸುಕಿನ ಮಟ್ಟದಿಂದ ಮೇಲೆ ಅಂಟಿಸಿ. ತೊಟ್ಟಿಯ ಅಡಿಗೆ ಹಾಕಿದರೆ ಕೆಳಗೆ ಮಲಗಿದ ಏಡಿ ಬೇಯುತ್ತದೆ.

ಹೊಸ ಮನೆಗೆ ಬಿಟ್ಟ ಕೆಲವು ದಿನ ಏಡಿ ವಿಪರೀತ ತಿಂದಿತು. ನೀರಿನ ಬಟ್ಟಲಲ್ಲೇ ಕೂರುತ್ತಿತ್ತು. ಆಮೇಲೆ ಮಂಕಾಯಿತು. ಮೈಬಣ್ಣ ಬೂದಿಯಾಯಿತು, ಕಣ್ಣು ಮಸುಕಾಯಿತು, ಮೀಸೆ ಆಡಿಸುವುದೂ ಕಡಿಮೆ. ಬರುವಾಗಲೇ ಒಂದು ಕಾಲು ಇರಲಿಲ್ಲ. ಆ ಜಾಗದಲ್ಲಿ ಪಾರದರ್ಶಕ ಮೊಗ್ಗಿನಂಥದ್ದು ಮೂಡಿತ್ತು. ಹೊಸ ಕಾಲು ಹೀಗೇ ಶುರುವಾಗುತ್ತದೆ, ಪೊರೆ ಬಿಟ್ಟಾಗ ಬಿಚ್ಚಿಕೊಳ್ಳುತ್ತದೆ. ಒಂದು ಬೆಳಿಗ್ಗೆ ನೋಡಿದರೆ ಏಡಿಯೇ ಇಲ್ಲ. ಮೂಲೆಯಲ್ಲಿ ಉಸುಕು ಗುಡ್ಡೆಯಾಗಿತ್ತು.

ಕೆಳಗೆ ಹೋದ ಏಡಿಯೆಲ್ಲ ಪೊರೆ ಬಿಡುತ್ತಿದೆ ಅಂತಲ್ಲ. ಹೊಸ ಜಾಗದ ಗಾಬರಿಗೂ ಸುಮ್ನೆ ಅಡಗಿ ಕೂರುತ್ತದೆ. ಯಾವುದಾದರೂ ನಾವು ಮಾಡುವುದು ಒಂದೇ, ಕೈ ಹಾಕದೆ ಇರುವುದು. ಒಳಗೆ ಅದು ಒಂದು ಗವಿ ಮಾಡಿಕೊಂಡು, ಹಳೆಯ ಕವಚ ಕಳಚಿ, ಮೆತ್ತಗಿನ ಮೈಯಲ್ಲಿ ಬಿದ್ದಿರುತ್ತದೆ. ಕಳಚಿದ ಕವಚವನ್ನು ತಾನೇ ತಿಂದು ಸುಣ್ಣದಂಶ ವಾಪಸ್ ಪಡೆಯುತ್ತದೆ. ಆಗ ಅಗೆದರೆ ಗವಿ ಕುಸಿಯುತ್ತದೆ, ಎಳೆಯ ಕಾಲು ಕಿತ್ತುಬರಬಹುದು. ಸಣ್ಣ ಏಡಿಗೆ ಕೆಲವು ವಾರ ಸಾಕು, ದೊಡ್ಡದಕ್ಕೆ ಎರಡು ತಿಂಗಳಿಗಿಂತ ಜಾಸ್ತಿಯೂ ಹಿಡಿಯಬಹುದು.

ಮನೆಯವರನ್ನು ತಡೆಯುವುದೇ ದೊಡ್ಡ ಕೆಲಸ. ಅವ್ವ ದಿನಾ ಕೇಳುತ್ತಿದ್ದಳು, "ಸತ್ತೈತೇನೋ ಅದು? ಒಂದೀಟು ಕೆದರಿ ನೋಡಬಾರದೇನು?" ಮಗಳ ಕೈಯಲ್ಲಿ ಚಮಚ ಕಂಡರೆ ನನಗೆ ಭಯ.

ಕೆದರದೆ ನೋಡುವ ದಾರಿ ಇದೆ. ರಾತ್ರಿ ಮೇಲಿನ ಉಸುಕು ಸವರಿ ಸಮ ಮಾಡಿ, ಚೂರು ಕೊಬ್ಬರಿ ಇಡಿ. ಬೆಳಿಗ್ಗೆ ಹೆಜ್ಜೆಗುರುತು ಇದೆಯೇ ನೋಡಿ. ಗಾಜಿಗೆ ಅಂಟಿದಂತೆ ಗವಿ ಕಂಡರೆ ಆ ಕಡೆ ಕಪ್ಪು ಕಾಗದ ಕಟ್ಟಿ, ಬೆಳಕು ಬೀಳುವುದು ಬೇಡ. ಮುಖ್ಯವಾದದ್ದು ಮೂಗು. ಸತ್ತ ಏಡಿ ಕೊಳೆತ ಮೀನಿನ ವಾಸನೆ ಹೊಡೆಯುತ್ತದೆ, ತಪ್ಪದೆ ಗೊತ್ತಾಗುತ್ತದೆ. ಬರೀ ಹಸಿ ಮಣ್ಣಿನ ವಾಸನೆ ಇದ್ದರೆ ಕಾಯಿರಿ. ಮೇಲ್ಪದರ ಒಣಗಿದರೆ ನೀರು ಚಿಮುಕಿಸಿ, ಸುರಿಯಬೇಡಿ. ಅಡಿಯಲ್ಲಿ ನೀರು ನಿಂತರೆ ಗವಿಗೆ ನುಗ್ಗುತ್ತದೆ. ಈ ಅವಧಿಯಲ್ಲಿ ಆ ಕೋಣೆಗೆ ಜಿರಳೆ ಸ್ಪ್ರೇ, ಸೊಳ್ಳೆ ಬತ್ತಿ ಬಂದ್. ಕೀಟಕ್ಕೂ ಏಡಿಗೂ ಹತ್ತಿರದ ನಂಟು, ಕೀಟ ಕೊಲ್ಲುವ ಔಷಧ ಏಡಿಗೂ ವಿಷ.

ಕೆಲವು ಏಡಿ ಉಸುಕಿನ ಮೇಲೆಯೇ ಪೊರೆ ಬಿಡುತ್ತವೆ. ಆಗ ಎತ್ತಬೇಡಿ. ತೂತು ಹಾಕಿದ, ಅಡಿ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ಅದರ ಸುತ್ತ ಉಸುಕಿಗೆ ಒತ್ತಿ ಮರೆ ಮಾಡಿ, ಬೇರೆ ಏಡಿ ಇದ್ದರೆ ತಿಂದುಬಿಡುತ್ತದೆ. ಪಕ್ಕದಲ್ಲಿ ಬಿದ್ದ ಟೊಳ್ಳು ಕಾಲುಗಳನ್ನು ಸತ್ತ ಏಡಿ ಅಂದುಕೊಂಡು ಬಿಸಾಡಬೇಡಿ.

ನಮ್ಮದು ಮೇಲೆ ಬಂದಾಗ ಮೈ ಹೊಳೆಯುತ್ತಿತ್ತು, ಕಾಲು ಪೂರ್ತಿ ಇತ್ತು. ಆಗ ಸುಣ್ಣದಂಶದ ಊಟ ಬೇಕು: ಪುಡಿ ಮಾಡಿದ ಮೊಟ್ಟೆ ಸಿಪ್ಪೆ, ಪಂಜರದ ಹಕ್ಕಿಗೆ ಸಿಕ್ಕಿಸುವ ಕಟಲ್ ಬೋನ್, ಉಪ್ಪಿಲ್ಲದ ಒಣ ಸೀಗಡಿ. ಹುರಿಯದ ಶೇಂಗಾ, ತೊಳೆದ ದಾಳಿಂಬೆ ಕಾಳು ಕೂಡ ತಿನ್ನುತ್ತದೆ. ನಮ್ಮೂರ ಒಣದ್ರಾಕ್ಷಿ ಎಷ್ಟೇ ರುಚಿಯಿದ್ದರೂ ನಾನು ಕೊಡುವುದಿಲ್ಲ, ಒಣಗಿಸುವಾಗ ರಾಸಾಯನಿಕದಲ್ಲಿ ಅದ್ದಿ ತೆಗೆದಿರುತ್ತಾರೆ. ಬೆಳೆದ ಮೈಗೆ ಹಳೆಯ ಶಂಖ ಬಿಗಿ, ಆದ್ದರಿಂದ ಸ್ವಲ್ಪ ದೊಡ್ಡ, ದುಂಡು ಬಾಯಿಯ ಖಾಲಿ ಶಂಖಗಳನ್ನು ಕುದಿಸಿ, ಆರಿಸಿ ಇಟ್ಟಿದ್ದೆ. ಬಣ್ಣ ಬಳಿದದ್ದು ಬೇಡ, ಬಣ್ಣ ಎದ್ದು ಹೊಟ್ಟೆಗೆ ಹೋಗುತ್ತದೆ.

ಮಗಳು ಈಗ ಇನ್ನೊಂದು ಬೇಕು ಅನ್ನುತ್ತಿದ್ದಾಳೆ. ಇವು ಗುಂಪಿನಲ್ಲಿ ಬದುಕುವ ಜೀವಿಗಳು, ಅವಳ ಮಾತು ತಪ್ಪಲ್ಲ. ಆದರೆ ಇವುಗಳ ಮರಿ ಬೆಳೆಯುವುದು ಸಮುದ್ರದ ನೀರಿನಲ್ಲಿ. ಅಂಗಡಿಗೆ ಬರುವುದೆಲ್ಲ ಹೆಚ್ಚುಕಡಿಮೆ ದಂಡೆಯಿಂದ ಹಿಡಿದು ತಂದದ್ದೇ. ಗೋವಾ, ಕಾರವಾರಕ್ಕೆ ಹೋದಾಗ ಡಬ್ಬಿಗೆ ತುಂಬಿಕೊಂಡು ಬರುವುದಂತೂ ಬೇಡವೇ ಬೇಡ. ಯಾರಾದರೂ ಸಾಕಲಾಗದೆ ಕೊಡುವುದಾದರೆ ತರೋಣ ಅಂತ ಹೇಳಿದ್ದೇನೆ. ಬಂದರೂ ಅದಕ್ಕೆ ಸ್ವಲ್ಪ ಕಾಲ ಬೇರೆ ತೊಟ್ಟಿಯೇ. ಇದು ಮತ್ತೆ ಕೆಳಗಿಳಿದಾಗ ಅದು ಅದೇ ಮೂಲೆ ತೋಡಿದರೆ ಕಷ್ಟ, ಅಲ್ವಾ?