ಟ್ರೌಟ್ ಮೀನಿಗೆ ಫ್ಲೈ ಗಾಳ: ಲೈನ್ ಬೀಸುವುದು ಹೇಗೆ?

ಮಾಮೂಲಿ ಗಾಳದಲ್ಲಿ ಸೀಸದ ಗುಂಡಿನ ಭಾರಕ್ಕೆ ದಾರ ದೂರ ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಹಾಗಲ್ಲ. ಕೊಕ್ಕೆಗೆ ಪುಕ್ಕ, ನೂಲು ಸುತ್ತಿ ಮಾಡಿದ ಹುಳಕ್ಕೆ, ಅಂದರೆ ಫ್ಲೈಗೆ, ಭಾರವೇ ಇರುವುದಿಲ್ಲ. ಲೈನ್ ಎನ್ನುವ ದಪ್ಪನೆಯ ದಾರವೇ ತನ್ನ ಭಾರದಿಂದ ಅದನ್ನು ಹೊತ್ತೊಯ್ಯಬೇಕು.

ಹಿಮಾಚಲದ ತೀರ್ಥನ್‌ನಂಥ ಹೊಳೆಗೆ 9 ಅಡಿಯ, 5 ನಂಬರಿನ ರಾಡ್ (ಗಾಳದ ಕೋಲು) ಸಾಕು. ಈ ನಂಬರು ಲೈನಿನ ಭಾರದ ಅಳತೆ. ಲೈನ್ ಕೂಡ ಅದೇ ನಂಬರಿನದಿರಲಿ. ಮೊದಲ ಪಾಠ ಮಾತ್ರ ನೀರಿನಲ್ಲಿ ಬೇಡ, ಹುಲ್ಲಿನ ಮೈದಾನದಲ್ಲಿ. ಕೊಕ್ಕೆಯ ಬದಲು ತುದಿಗೆ ಉಲ್ಲನ್ ಚೂರು ಕಟ್ಟಿ, ಸುಮಾರು 30 ಅಡಿ ಲೈನನ್ನು ಎದುರಿಗೆ ನೇರವಾಗಿ ಹಾಸಿ.

ತಲೆಯ ಮೇಲೆ 12 ಗಂಟೆ, ಮುಂದೆ 10, ಹಿಂದೆ 1 ಎಂದುಕೊಳ್ಳಿ. ರಾಡಿನ ತುದಿಯನ್ನು ನೆಲದ ಹತ್ತಿರ ಹಿಡಿದು ಶುರು ಮಾಡಿ. ಲೈನ್ ಜೋತಾಡಬಾರದು. ಮೆಲ್ಲಗೆ ಎತ್ತುತ್ತ ವೇಗ ಹೆಚ್ಚಿಸಿ, 1 ಗಂಟೆಯ ಜಾಗದಲ್ಲಿ ಗಕ್ಕನೆ ನಿಲ್ಲಿಸಿ.

ಈಗ ಕಾಯಿರಿ. ಹೊಸಬರು ಎಡವುವುದು ಇಲ್ಲೇ. ಲೈನ್ ಬೆನ್ನ ಹಿಂದೆ ಸುರುಳಿ ಬಿಚ್ಚಿಕೊಂಡು ನೆಟ್ಟಗಾಗಲು ಸಮಯ ಬೇಕು, ಅಲ್ವಾ? ಕತ್ತು ತಿರುಗಿಸಿ ನೋಡಿ, ನಾಚಿಕೆ ಬೇಡ. ಇನ್ನೇನು ನೆಟ್ಟಗಾಯಿತು ಅನ್ನುವಾಗ ಮುಂದಕ್ಕೆ ಬೀಸಿ, 10ಕ್ಕೆ ನಿಲ್ಲಿಸಿ. ಲೈನ್ ಇಳಿಯುವಾಗ ರಾಡನ್ನೂ ಜೊತೆಗೇ ಇಳಿಸಿ. ಚಾಟಿಯ ಹಾಗೆ ‘ಛಟ್’ ಅಂದರೆ ಅವಸರ ಮಾಡಿದ್ದೀರಿ ಎಂದೇ ಅರ್ಥ. ಹೊಳೆಯಲ್ಲಾದರೆ ಹುಳವೇ ಕಿತ್ತು ಹಾರಿಹೋಗುತ್ತದೆ. ಲೈನ್ ಉದ್ದವಾದಷ್ಟೂ ಜಾಸ್ತಿ ಕಾಯಬೇಕು. ತೋಳಿನ ಬಲ ಇದಕ್ಕೆ ಬೇಕಿಲ್ಲ.

ಮಣಿಕಟ್ಟು ಮಡಚಿದರೆ ರಾಡ್ ಹಿಂದಕ್ಕೆ ವಾಲಿ ಲೈನ್ ನೆಲಕ್ಕೆ ಬಡಿಯುತ್ತದೆ. ರಾಡಿನ ಬುಡವನ್ನು ತುಂಬುತೋಳಿನ ಅಂಗಿಯ ಕಫ್‌ನೊಳಗೆ ಸಿಕ್ಕಿಸಿಕೊಂಡು ಅಭ್ಯಾಸ ಮಾಡಿ, ತಾನಾಗಿ ಸರಿಹೋಗುತ್ತದೆ.

ಹೊಳೆಯಲ್ಲಿ ಇನ್ನೊಂದು ಕೆಲಸವಿದೆ. ಲೈನನ್ನು ರಾಡ್ ಹಿಡಿದ ಕೈಯ ತೋರುಬೆರಳಿನ ಕೆಳಗೆ ಒತ್ತಿಟ್ಟು, ಸಡಿಲಾದಷ್ಟನ್ನು ಇನ್ನೊಂದು ಕೈಯಿಂದ ಎಳೆದುಕೊಳ್ಳುತ್ತಿರಿ. ನಡುವಿನ ಸೆಳವು ಜೋರಿದ್ದು ಆಚೆ ನೀರು ನಿಧಾನವಿದ್ದರೆ, ಲೈನಿನ ಹೊಟ್ಟೆ, ಅಂದರೆ ನಡುಭಾಗ, ಹರಿವಿನೊಂದಿಗೆ ಕೆಳಗೆ ಜಾರಿ ಹುಳವನ್ನು ದರದರ ಎಳೆಯುತ್ತದೆ. ನಿಜವಾದ ಹುಳ ಹಾಗೆ ಓಡುವುದಿಲ್ಲ, ಟ್ರೌಟ್ ಮುಟ್ಟುವುದೂ ಇಲ್ಲ. ಅದಕ್ಕೆ ಲೈನ್ ನೀರಿಗೆ ಬಿದ್ದ ಕೂಡಲೇ ರಾಡಿನ ತುದಿಯನ್ನು ಎತ್ತಿ, ಅರ್ಧ ಚಂದ್ರದ ಹಾಗೆ ತಿರುಗಿಸಿ, ಲೈನಿನ ಹೊಟ್ಟೆಯನ್ನು ನೀರು ಹರಿದು ಬರುವ ಕಡೆಗೆ ಇಡಿ. ಹುಳ ಅಲುಗಬಾರದು. ಇದೇ ಮೆಂಡಿಂಗ್. ಈಚೆ ನಿಧಾನ, ಆಚೆ ಜೋರು ಇದ್ದರೆ ನೀರು ಹರಿದು ಹೋಗುವ ಕಡೆಗೆ ಇಡಬೇಕು.

ಹಿಮಾಚಲದಲ್ಲಿ ಗಾಳ ಹಾಕಲು ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು. ನವೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹಿಡಿಯುವಂತಿಲ್ಲ. ಅದು ಅವು ಮೊಟ್ಟೆ ಇಡುವ ಕಾಲ.