ಪಲ್ಪ್ ಸ್ಟೋನ್: ನಡುವೆ ಕೊರೆಯಬೇಡಿ, ಅಂಚು ಬಿಡಿಸಿ

ರೂಟ್ ಕೆನಾಲ್ ಮಾಡುವಾಗ ಮೋಲಾರ್‌ನ (ದವಡೆ ಹಲ್ಲಿನ) ಪಲ್ಪ್ ಚೇಂಬರ್, ಅಂದರೆ ನರವಿರುವ ಒಳಗೂಡಿನ ತುಂಬ ಸುಣ್ಣಗಟ್ಟಿ ಬೆಳೆದ ಕಲ್ಲಿದ್ದರೆ ಮೈಕ್ರೋಸ್ಕೋಪ್ ಇಲ್ಲದೆ ಕೈ ಹಾಕಬೇಡ, ಮೈಸೂರಿಗೆ ಕಳಿಸು ಅಂದವರೇ ಹೆಚ್ಚು. ಕೊಡಗಿನ ಗೋಣಿಕೊಪ್ಪದಿಂದ ಮೈಸೂರಿಗೆ ಹೋದರೆ ಒಂದು ದಿನದ ಕೂಲಿ ಖೋತಾ. ಕಾಫಿ ಕೊಯ್ಲಿನ ಹೊತ್ತಲ್ಲಿ ಯಾರು ಹೋಗುತ್ತಾರೆ? ಈಗ ಮೂರೂವರೆ ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ಸ್ ಕನ್ನಡಕ, ಹಲ್ಲು ಕ್ಲೀನ್ ಮಾಡುವ ಸ್ಕೇಲರ್‌ಗೆ ಹಾಕುವ ಎಂಡೋ ಟಿಪ್ (ರೂಟ್ ಕೆನಾಲ್‌ಗೆಂದೇ ಇರುವ ಕಂಪಿಸುವ ತೆಳು ಮೊನೆ), ಇಷ್ಟರಲ್ಲೇ ಹತ್ತರಲ್ಲಿ ಎಂಟು ಕಲ್ಲು ಇಡಿಯಾಗಿ ಎದ್ದು ಬರುತ್ತವೆ.

ಮೊದಲು ರೌಂಡ್ ಬರ್‌ನಲ್ಲಿ ನಟ್ಟನಡುವೆ ಕೊರೆಯುತ್ತಿದ್ದೆ. ಕಲ್ಲು ಯಾವುದು, ಡೆಂಟಿನ್ (ಹಲ್ಲಿನದೇ ಗೋಡೆ) ಯಾವುದು ಎಂದು ಬರ್‌ಗೆ ತಿಳಿಯುವುದಿಲ್ಲ. ಒಂದು ಹಲ್ಲಿನಲ್ಲಿ ಫರ್ಕೇಶನ್ (ಬೇರು ಕವಲೊಡೆಯುವ ಜಾಗ) ತೂತಾಯಿತು, ಅದನ್ನು ಮುಚ್ಚುವ ಎಂಟಿಎ ಸಿಮೆಂಟಿನ ಖರ್ಚು ನನ್ನ ತಲೆಗೇ. ತೂತಾಗದಿದ್ದರೂ ಪುಡಿ ಕೆನಾಲ್ (ಬೇರಿನ ಕಾಲುವೆ) ಬಾಯಲ್ಲಿ ಗಟ್ಟಿಯಾಗಿ ಕೂತು ಸೂಜಿಯಂಥ 10ರ ಫೈಲೂ ಇಳಿಯುತ್ತಿರಲಿಲ್ಲ. ಇನ್ನೊಂದು ದಂಡ ಟಿಪ್ಪಿನದು: ನನ್ನ ಸ್ಕೇಲರ್ ಇಎಂಎಸ್ ಕಂಪನಿಯ ಥ್ರೆಡ್‌ದು, ತರಿಸಿದ್ದು ಸಟೆಲೆಕ್ ಕಂಪನಿಯ ಥ್ರೆಡ್, ಒಂದಕ್ಕೊಂದು ಕೂರುವುದಿಲ್ಲ. ಸುಮಾರು ಮೂರು ಸಾವಿರ ಇನ್ನೂ ಡ್ರಾಯರ್‌ನಲ್ಲಿ ಮಲಗಿದೆ.

ಬೈಟ್‌ವಿಂಗ್ ಎಕ್ಸ್‌ರೇಯಲ್ಲಿ ಕಸ್ಪ್‌ನಿಂದ (ಹಲ್ಲಿನ ಮೇಲಿನ ತುದಿ) ಚೇಂಬರಿನ ಫ್ಲೋರ್‌ವರೆಗೆ (ತಳ) ಅಳೆದು ಬರ್ ಮೇಲೆ ಗುರುತು ಹಾಕಿಕೊಳ್ಳಿ. ಚೇಂಬರಿನ ರೂಫ್ (ಮೇಲ್ಛಾವಣಿ) ಪೂರ್ತಿ ತೆಗೆದು ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ) ತುಂಬಿ ಐದು ನಿಮಿಷ ಬಿಡಿ. ಅಂಚಿನಲ್ಲಿ ಸಿಕ್ಕಿಕೊಂಡ ಪಲ್ಪ್ ಕರಗುತ್ತಾ ಸಣ್ಣ ಗುಳ್ಳೆ ಸಾಲಾಗಿ ಏಳುತ್ತದೆ, ಕಲ್ಲಿಗೂ ಗೋಡೆಗೂ ನಡುವಿನ ಸಂದು ಅಲ್ಲೇ. ಒಣಗಿಸಿದರೆ ಕಲ್ಲು ಜೇನುಮೇಣದ ಹಳದಿ, ಫ್ಲೋರ್ ಬೂದುಗಪ್ಪು. ನೀರು ಬಂದ್ ಮಾಡಿ, ಪವರ್ ಅರ್ಧಕ್ಕಿಂತ ಕೆಳಗಿಟ್ಟು, ಟಿಪ್ಪನ್ನು ಸಂದಿನ ಸುತ್ತ ಸವರಿ. ಒಂದೇ ಕಡೆ ಒತ್ತಬೇಡಿ, ಹತ್ತು ಸೆಕೆಂಡಿಗೊಮ್ಮೆ ಎತ್ತಿ ಗಾಳಿ ಬಿಡಿ. ಬಿಸಿ ಬೇರಿನಾಚೆಯ ಮೂಳೆಗೂ ತಾಗುತ್ತದೆ, ಟಿಪ್ಪೂ ಮುರಿಯುತ್ತದೆ. ಕಲ್ಲು ಅಲುಗಿದ ಮೇಲೆ ಡಿಜಿ 16 ಎಂಬ ಚೂಪು ಕಡ್ಡಿ ತೂರಿಸಿ ಮೀಟಿದರೆ ಹುಣಸೆ ಬೀಜದಂತೆ ಟಕ್ಕೆಂದು ಬರುತ್ತದೆ. ಯಾವ ಮೂಲೆಯಿಂದ ಮೀಟಬೇಕು ಎನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಮೆಥಿಲಿನ್ ಬ್ಲೂ ಬಣ್ಣ ಹಚ್ಚಿ ನೋಡಿದ್ದೂ ಉಂಟು: ಸಂದು ನೀಲಿಯಾಯಿತು, ಹೈಪೋ ಬಿದ್ದೊಡನೆ ಬಣ್ಣವೇ ಹೋಯಿತು. ಗೋಡೆಗೆ ಅಂಟಿದ ಕಲ್ಲಿಗೆ 17 ಪರ್ಸೆಂಟ್ ಇಡಿಟಿಎ (ಸುಣ್ಣದಂಶ ಎಳೆಯುವ ದ್ರಾವಣ) ಒಂದು ನಿಮಿಷ ಸಾಕು, ಕಲ್ಲು ಕರಗದು, ಅಂಟು ಕೊಂಚ ಸಡಿಲವಾಗಬಹುದು. ನಡುವೆ ನೀರಲ್ಲಿ ತೊಳೆಯದೆ ಹೈಪೋ ಹಾಕಿದರೆ ಹೈಪೋ ಸತ್ತಂತೆಯೇ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕರೆಂಟ್ ಕೈಕೊಟ್ಟರೆ ಅರ್ಧಕ್ಕೇ ನಿಲ್ಲಿಸಿ ಟೆಂಪರರಿ ಫಿಲ್ಲಿಂಗ್ ಹಾಕಿ ಕಳಿಸುತ್ತೇನೆ. ಕಲ್ಲಿದ್ದ ಹಲ್ಲಿಗೆ, ಎಕ್ಸ್‌ರೇ ತೋರಿಸಿ ಮೊದಲೇ ಹೇಳಿಯೇ, ಐನೂರು ಹೆಚ್ಚು ತೆಗೆದುಕೊಳ್ಳುತ್ತೇನೆ.