ಕೊಲ್ಲಿಯ ನೀರಿಗಿಳಿಯುವ ಮುನ್ನ ಉಸಿರಾಟ ಕಲಿಯಿರಿ

ಹವಳದ ದಿಬ್ಬಗಳು ಅಲೆಯ ಹೊಡೆತ ತಡೆಯುವ ಉಷ್ಣವಲಯದ ಕೊಲ್ಲಿ ನೀರಿನಲ್ಲಿ ಮುಳುಗಲು ಕಲಿಯುವ ಹೊಸಬರಿಗೆ ಹೇಳಿ ಮಾಡಿಸಿದ ಜಾಗ. ನೀರು ಬೆಚ್ಚಗಿರುತ್ತದೆ, ಅನೇಕ ಕಡೆ ತಳವೂ ಕಾಣುತ್ತದೆ. ಆದರೆ ದಿಬ್ಬಗಳ ನಡುವಿನ ಕಿಂಡಿ ಮತ್ತು ಕೊಲ್ಲಿಯ ಬಾಯಿಯಿಂದ ದೂರವಿರಿ. ಕಡಲ ಇಳಿತದ ಹೊತ್ತಿಗೆ ಅಲ್ಲಿ ನೀರು ಹೊರಗಡಲಿಗೆ ಜೋರಾಗಿ ಸೆಳೆಯಬಹುದು. ಸಾಮಾನ್ಯವಾಗಿ ಗಾಳಿ ಏಳದ ಬೆಳಗಿನ ಹೊತ್ತು ಒಳ್ಳೆಯದು.

ಮೊದಲು ಸ್ನಾರ್ಕೆಲಿಂಗ್, ಎಂದರೆ ಮಾಸ್ಕ್ ತೊಟ್ಟು, ಬಾಯಲ್ಲಿಟ್ಟ ಕೊಳವೆಯಿಂದ (ಸ್ನಾರ್ಕೆಲ್) ಉಸಿರಾಡುತ್ತ ನೀರಿನ ಮೇಲ್ಮೈಯಲ್ಲಿ ಈಜುವುದು. ಮಾಸ್ಕ್ ಆರಿಸುವಾಗ ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಮೆಲ್ಲಗೆ ಉಸಿರೆಳೆಯಿರಿ. ಕೈಬಿಟ್ಟರೂ ಬೀಳದಿದ್ದರೆ ಅದೇ ನಿಮ್ಮದು. ಗಾಜಿನ ಒಳಭಾಗಕ್ಕೆ ಎಂಜಲು ಸವರಿ ತೊಳೆದರೆ ಮಬ್ಬು ಕವಿಯುವುದಿಲ್ಲ. ಇದಕ್ಕೆ ಮುಜುಗರ ಬೇಡ, ಅನುಭವಿಗಳೂ ಮಾಡುವುದು ಇದನ್ನೇ. ಸೊಂಟದುದ್ದ ನೀರಿನಲ್ಲಿ ನಿಂತು ಮುಖ ಮುಳುಗಿಸಿ, ಕೊಳವೆಯ ಮೂಲಕ ನಿಧಾನವಾಗಿ, ದೀರ್ಘವಾಗಿ ಉಸಿರಾಡಿ. ಒಳಗೆ ನೀರು ಬಂದರೆ ಬಾಯಿಂದ ಒಮ್ಮೆ ರಭಸವಾಗಿ ಊದಿ ಹೊರಹಾಕಿ. ಗಾಬರಿಯಿಲ್ಲದೆ ಇದು ಬರುವ ತನಕ ಆಳಕ್ಕೆ ಹೋಗಬೇಡಿ.

ಸ್ನಾರ್ಕೆಲ್ ತೊಟ್ಟವರು ಉಸಿರು ಬಿಗಿಹಿಡಿದು ಸ್ವಲ್ಪ ಕೆಳಗೆ ಮುಳುಗಬಹುದು. ಮುಳುಗುವ ಮುನ್ನ ಮಾತ್ರ ಪದೇ ಪದೇ ಜೋರಾಗಿ ಉಸಿರೆಳೆದು ಬಿಡಬೇಡಿ. ಉಸಿರಾಡಬೇಕೆಂಬ ಒತ್ತಡ ಹುಟ್ಟುವ ಮೊದಲೇ ಪ್ರಜ್ಞೆ ತಪ್ಪಬಹುದು. ಒಬ್ಬರೇ ಮುಳುಗುವುದಂತೂ ಕೂಡದು.

ಸ್ಕೂಬಾಕ್ಕೆ, ಎಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ಮುಳುಗುವುದಕ್ಕೆ, ಬಂದರೆ ನಿಯಮ ತಲೆಕೆಳಗು: ಇಲ್ಲಿ ಉಸಿರು ಹಿಡಿಯಲೇಬಾರದು. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡು ಪಟ್ಟು. ಅಲ್ಲಿ ಸಿಲಿಂಡರಿನಿಂದ ಶ್ವಾಸಕೋಶ ತುಂಬಿಕೊಂಡು ಹಾಗೇ ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗಲು ನೋಡುತ್ತದೆ, ಶ್ವಾಸಕೋಶವೇ ಹರಿಯಬಹುದು. ಉಳಿದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ತರಬೇತಿ ಪಡೆದ ಬೋಧಕರಿಲ್ಲದೆ ಸಿಲಿಂಡರ್ ಹೊರಲೇಬೇಡಿ ಎನ್ನುವುದೂ ಇದಕ್ಕೇ.

ಇಳಿಯುವಾಗ ಮೂಗು ಹಿಡಿದು ಮೆಲ್ಲನೆ ಊದಿ ಕಿವಿಯ ಒತ್ತಡ ಸರಿಪಡಿಸುತ್ತಿರಿ. ನೋವು ಬರುವ ಮೊದಲೇ ಊದಬೇಕು. ಕಿವಿ ಬಿಡದಿದ್ದರೆ ಸ್ವಲ್ಪ ಮೇಲೇರಿ ಮತ್ತೆ ಪ್ರಯತ್ನಿಸಿ. ನೆಗಡಿಯಿದ್ದ ದಿನ ನೀರಿಗಿಳಿಯಬೇಡಿ. ಜೊತೆಗಾರರಿಗೆ ಹೆಬ್ಬೆರಳು ಮೇಲೆತ್ತಿ ತೋರಿಸಿದರೆ ‘ಮೇಲೆ ಹೋಗೋಣ’ ಎಂದರ್ಥ. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿ.

ಹವಳ ಕಲ್ಲಿನಂತೆ ಕಂಡರೂ ಅದು ಜೀವಿ. ಅದರ ಮೇಲೆ ನಿಲ್ಲಬೇಡಿ, ಕಾಲಿಗೆ ತೊಟ್ಟ ಫಿನ್ (ಈಜುರೆಕ್ಕೆ) ತಾಗದಂತೆ ನೋಡಿಕೊಳ್ಳಿ. ಕೆಲವು ಬಗೆಯ ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಕೂಡ ಬೆಳೆಯುವುದಿಲ್ಲ; ಒಂದು ಒದೆತಕ್ಕೆ ಮುರಿದದ್ದು ಮತ್ತೆ ಬೆಳೆಯಲು ವರ್ಷಗಳೇ ಬೇಕು. ಹವಳಕ್ಕೆ ಹಾನಿಯಾಗದಂತೆ, ಬಿಸಿಲಿಗೆ ಕ್ರೀಮಿನ ಬದಲು ತೋಳು ಮುಚ್ಚುವ ಈಜುಡುಗೆ ಮೇಲು.

ಸ್ಕೂಬಾ ಮುಗಿಸಿ ಮೇಲೇರುವಾಗ ಆತುರ ಬೇಡ. ನಿಮಿಷಕ್ಕೆ 9 ಮೀಟರ್ ಮೀರದಂತೆ ಏರಿ, 5 ಮೀಟರ್ ಆಳದಲ್ಲಿ 3 ನಿಮಿಷ ತಂಗಿ. ವಿಮಾನ ಹಿಡಿಯುವುದಿದ್ದರೆ ಒಂದೇ ಡೈವ್ ಬಳಿಕ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾಗಿದ್ದರೆ 18 ಗಂಟೆ ಕಾಯಿರಿ.